ನಿಜಾಮ ಸಹಿ ಹಾಕಿದ್ದನಾ?

ರಾತ್ರಿ ಒಂಬತ್ತರ ಕಾರ್ಯಕ್ರಮ ಮುಗಿಸಿ ಕಾಲರ್ ಮೈಕ್ ಬಿಚ್ಚುತ್ತಿದ್ದೆ. ಡೆಸ್ಕಿನ ಹುಡುಗ ಬಂದು, 'ಜೇವರ್ಗಿ ಕಡೆಯಿಂದ ಒಬ್ಬ ಯಜಮಾನರು ಮೂರು ದಿನದಿಂದ ಫೋನ್ ಮಾಡ್ತಿದ್ದಾರೆ ಸರ್, ನಿಮ್ಮ ಹತ್ರಾನೇ ಮಾತಾಡಬೇಕಂತೆ' ಅಂದ. ತಗೊಂಡೆ. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ, ನೇರ ಪ್ರಶ್ನೆ. 'ನಿಜಾಮ ಸಹಿನೇ ಮಾಡಿಲ್ಲಂತಲ್ರಿ, ಖರೇ ಏನು? ಮಾಡಿಲ್ಲಂದ್ರ ಈ ಕೋರ್ಟಿಗಿ ನಮ್ಮ ಮ್ಯಾಲ ಅಧಿಕಾರ ಎಲ್ಲಿಂದ ಬಂತು?'

ವಿಷಯ ಇಷ್ಟು. ಅಣ್ಣತಮ್ಮಂದಿರ ಮಕ್ಕಳ ನಡುವೆ ಹೊಲದ ವ್ಯಾಜ್ಯ. ಹತ್ತು ಎಕರೆ ಕರಿ ನೆಲ, ತೊಗರಿ ಬೆಳೆಯೋ ಭೂಮಿ. ಕೇಸು ವರ್ಷಾನುಗಟ್ಟಲೆ ಎಳೀತಾ ಇದೆ. ಯಾರೋ ಒಬ್ಬ 'ಕಾನೂನು ಬಲ್ಲವ' ಬಂದು ಎರಡು ಹಾಳೆ ಟೈಪ್ ಮಾಡಿಸಿ ಕೊಟ್ಟಿದ್ದಾನೆ. ಇದನ್ನ ಕೋರ್ಟಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ, ಆಮೇಲೆ ಆ ಕಡೆ ತಲೆ ಹಾಕಬೇಡಿ, ಹೋದರೆ ಅವರ ಅಧಿಕಾರ ಒಪ್ಪಿಕೊಂಡ ಹಾಗಾಗುತ್ತೆ ಅಂತ ಹೇಳಿದ್ದಾನೆ. ಅದಕ್ಕೆ ಐದು ಸಾವಿರ ರೂಪಾಯಿ ಫೀಸು. ಯಜಮಾನರು ದುಡ್ಡು ಕೊಡೋದಕ್ಕೆ ಮುಂಚೆ, ಟೀವಿಯಲ್ಲಿ ಇತಿಹಾಸ ಮಾತಾಡೋ ಹುಡುಗನನ್ನ ಒಂದು ಮಾತು ಕೇಳೋಣ ಅಂದುಕೊಂಡಿದ್ದಾರೆ.

ಆ ಹಾಳೆಗಳ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡೆ. ಮೂರು ವಾದ ಇತ್ತು. ಒಂದು: ಕೋರ್ಟಿನ ಬಾವುಟದ ಅಂಚಿಗೆ ಬಂಗಾರದ ಝಾಲರಿ ಇದ್ದರೆ ಅದು ನೆಲದ ಕೋರ್ಟಲ್ಲ, ಸಮುದ್ರದ ಕೋರ್ಟು, ಹಡಗಿನ ಕಾನೂನು. ಎರಡು: ಭಾರತಕ್ಕೆ ಸಿಕ್ಕಿದ್ದು ಸ್ವಾತಂತ್ರ್ಯ ಅಲ್ಲ, 99 ವರ್ಷದ ಲೀಸು. ಮೂರು: ಹೈದರಾಬಾದ್ ನಿಜಾಮ ವಿಲೀನ ಪತ್ರಕ್ಕೆ ಸಹಿ ಹಾಕಿಲ್ಲ, ಹೈದರಾಬಾದಿನ ಫೈಲು ವಿಶ್ವಸಂಸ್ಥೆಯಲ್ಲಿ ಇನ್ನೂ ತೆರೆದೇ ಇದೆ, ಆದ್ದರಿಂದ ಆಳಂದ, ಅಫಜಲಪುರ, ಜೇವರ್ಗಿ ಜನರ ಮೇಲೆ ಭಾರತದ ಕೋರ್ಟುಗಳಿಗೆ ಅಧಿಕಾರ ಇಲ್ಲ.

ಮೊದಲನೆಯದು ಅಮೆರಿಕದ ಸರಕು. ಅಲ್ಲಿ ತೆರಿಗೆ ಕಟ್ಟೋಕೆ ಇಷ್ಟ ಇಲ್ಲದವರು, ಸಾಲ ತೀರಿಸೋಕೆ ಆಗದವರು ದಶಕಗಳಿಂದ ಹೇಳ್ತಾ ಬಂದಿರೋ ಮಾತು. ಅಲ್ಲಿನ ಕೋರ್ಟುಗಳಲ್ಲಿ ಶೋಭೆಗೆ ಅಂತ ಬಾವುಟಕ್ಕೆ ಹಳದಿ ಕುಚ್ಚು ಕಟ್ಟಿರ್ತಾರೆ. ಆ ಕುಚ್ಚು ಬಾವುಟದ ಭಾಗವೇ ಅಲ್ಲ ಅಂತ ಅಮೆರಿಕದ ಅಟಾರ್ನಿ ಜನರಲ್ 1925ರಲ್ಲೇ ಅಭಿಪ್ರಾಯ ಕೊಟ್ಟಾಗಿದೆ. ಕೆನಡಾದ ಆಲ್ಬರ್ಟಾದಲ್ಲಿ ನ್ಯಾಯಮೂರ್ತಿ ರೂಕ್ 2012ರಲ್ಲಿ ಒಂದು ವಿಚ್ಛೇದನದ ಕೇಸಿನಲ್ಲಿ ಇಂಥ ವಾದಗಳನ್ನೆಲ್ಲ ಗುಡ್ಡೆ ಹಾಕಿ ಉದ್ದನೆಯ ತೀರ್ಪು ಬರೆದರು. ಇದನ್ನೆಲ್ಲ ಹೇಳಿದಾಗ ಯಜಮಾನರು ನಕ್ಕುಬಿಟ್ಟರು. 'ನಮ್ಮ ಕೋರ್ಟಿನ ಬಾವುಟಕ್ಕ ಝಾಲರಿನೇ ಇಲ್ಲಲ್ರಿ.' ಅಲ್ಲಿಗೆ ಅದು ಮುಗೀತು. ಜೇವರ್ಗಿಯಿಂದ ಸಮುದ್ರ ಎಷ್ಟು ದೂರ ಅಂತ ನಾನೂ ಕೇಳಲಿಲ್ಲ.

ಎರಡನೆಯದು ನಮ್ಮ ದೇಶದ್ದೇ. ಪ್ರತಿ ಆಗಸ್ಟಿನಲ್ಲಿ ಒಮ್ಮೆ ಎಲ್ಲರ ಫೋನಿಗೂ ಬರುತ್ತೆ. ಲೀಸಿನ ಪತ್ರ ತೋರಿಸಿ ಅಂದರೆ ಯಾರೂ ತೋರಿಸಲ್ಲ. ಸ್ವಾತಂತ್ರ್ಯ ಬಂದದ್ದು ಬ್ರಿಟಿಷ್ ಪಾರ್ಲಿಮೆಂಟಿನ 1947ರ ಕಾಯ್ದೆಯಿಂದ, ಸರಿ. ಆದರೆ ನಮ್ಮ ಸಂವಿಧಾನದ ಕೊನೆಯ ವಿಧಿ, 395ನೆಯದು, ತೆಗೆದು ಓದಿ. ಆ ಕಾಯ್ದೆಯನ್ನೇ ಅದು ರದ್ದು ಮಾಡಿದೆ. ಯಾವ ಏಣಿ ಹತ್ತಿ ಬಂದರೋ ಆ ಏಣಿಯನ್ನೇ ಒದ್ದು ಬೀಳಿಸಿದ್ದಾರೆ. ನಾನು ಎಂಜಿನಿಯರಿಂಗ್ ಓದಿದವನು, ಕಾನೂನು ನನ್ನ ವಿಷಯ ಅಲ್ಲ. ಆದರೂ ಆ ಒಂದು ಸಾಲು ಓದಿದಾಗ ಇದನ್ನ ಕಟ್ಟಿದವರು ಎಂಥ ಬುದ್ಧಿವಂತರು ಅನ್ನಿಸಿತ್ತು.

ಮೂರನೆಯದಕ್ಕೆ ಬಂದಾಗ ಮಾತ್ರ ನನಗೆ ತಕ್ಷಣ ನಗು ಬರಲಿಲ್ಲ. ಯಾಕಂದ್ರೆ ಅದರೊಳಗೆ ಅರ್ಧ ಸತ್ಯ ಇದೆ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್, ಮೈಸೂರು ಮಹಾರಾಜರು ಸಹಿ ಹಾಕಿದಂಥ ವಿಲೀನ ಪತ್ರಕ್ಕೆ ಸಹಿ ಹಾಕಲಿಲ್ಲ. ಅದು ನಿಜ. ಇನ್ನೂ ಒಂದು ಮಾತು. 'ಈ ಕೋರ್ಟಿಗೆ ನಮ್ಮ ಮೇಲೆ ಅಧಿಕಾರ ಇದೆಯಾ' ಅನ್ನೋ ಪ್ರಶ್ನೆ ಬೆಂಗಳೂರಿನವರಿಗೆ ತಮಾಷೆ. ಆ ಮೂರು ತಾಲೂಕುಗಳ ಅಜ್ಜಂದಿರಿಗೆ ಅದು ಬೆಳಗಾದರೆ ಎದುರಾಗೋ ಪ್ರಶ್ನೆಯಾಗಿತ್ತು.

ಒಂದು ನೂರು ವರ್ಷ ಹಿಂದಕ್ಕೆ ಹೋಗಿ, ನಕ್ಷೆ ಬಿಡಿಸಿಕೊಳ್ಳಿ. ಹೈದರಾಬಾದ್ ಸಂಸ್ಥಾನ ಸುಮಾರು 82 ಸಾವಿರ ಚದರ ಮೈಲಿ. ಅದರೊಳಗೆ ಗುಲ್ಬರ್ಗಾ ಜಿಲ್ಲೆ. ಜೇವರ್ಗಿ ಸೀಮೆ ದಿವಾನಿ, ಅಂದರೆ ನೇರವಾಗಿ ನಿಜಾಮ್ ಸರ್ಕಾರದ ಆಡಳಿತ. ಆಳಂದ, ಅಫಜಲಪುರ ಪಾಯಗಾ. ಪಾಯಗಾ ಅಂದರೆ ನಿಜಾಮನ ಸೈನ್ಯಕ್ಕೆ ಕುದುರೆ, ಸವಾರರನ್ನ ಸಾಕಲಿ ಅಂತ ಶಂಸುಲ್ ಉಮ್ರಾ ಮನೆತನಕ್ಕೆ ಬಿಟ್ಟುಕೊಟ್ಟ ಸೀಮೆ. ಆ ಮನೆತನ ಮೂರು ಕವಲಾಗಿ, ನಿಜಾಮನ ಮನೆಯ ಜೊತೆಗೇ ಬೀಗತನ ಬೆಳೆಸಿ, ರಾಜ್ಯದೊಳಗೊಂದು ರಾಜ್ಯ ಆಗಿತ್ತು. ಅವರದೇ ತಹಶೀಲ್ದಾರರು, ಅವರದೇ ಪೊಲೀಸು, ಅವರದೇ ನ್ಯಾಯಾಧೀಶರು. ಹೀಗಾಗಿ ಒಂದೇ ಜಿಲ್ಲೆಯಲ್ಲಿ ಈ ಊರಿನ ಜಗಳ ಸರ್ಕಾರಿ ಕೋರ್ಟಿಗೆ, ಪಕ್ಕದ ಊರಿನ ಜಗಳ ನವಾಬರ ಕೋರ್ಟಿಗೆ.

ಅಲ್ಲಿಗೆ ಮುಗೀಲಿಲ್ಲ. ಆಳಂದದಿಂದ ಪಶ್ಚಿಮಕ್ಕೆ ನಡೆದರೆ ಅಕ್ಕಲಕೋಟೆ, ಭೋಸಲೆ ಮನೆತನದ ಬೇರೆಯದೇ ಸಂಸ್ಥಾನ. ಅಫಜಲಪುರದಿಂದ ಭೀಮಾ ನದಿ ದಾಟಿದರೆ ಇಂಡಿ, ಸಿಂದಗಿ. ಅದು ಬಿಜಾಪುರ ಜಿಲ್ಲೆ, ಮುಂಬೈ ಪ್ರಾಂತ, ಬ್ರಿಟಿಷರ ಕಾನೂನು. ಆಚೆ ದಡದ ದುಡ್ಡಿನ ಹೆಸರು ಕಲ್ದಾರ, ಈಚೆ ದಡದ್ದು ಹಾಲಿ ಸಿಕ್ಕಾ. ಹೆಚ್ಚುಕಡಿಮೆ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ. ಈಚೆ ಸರ್ಕಾರದ ಕಾಗದದ ಭಾಷೆ ಉರ್ದು. ಆಚೆ ಕನ್ನಡದಲ್ಲಿ ಅರ್ಜಿ ಕೊಟ್ಟರೆ ಓದೋರಿದ್ದರು. ಎರಡೂ ದಡದಲ್ಲಿ ಬೀಗರು, ಎರಡೂ ದಡದಲ್ಲಿ ಅದೇ ಜೋಳದ ರೊಟ್ಟಿ.

ನನಗೆ ಅತ್ಯಂತ ಸೋಜಿಗ ಅನ್ನಿಸೋದು ರೈಲಿನ ಕಥೆ. 1871ರಲ್ಲಿ ಸೋಲಾಪುರದಿಂದ ಗುಲ್ಬರ್ಗಾ ಮೇಲೆ ರಾಯಚೂರಿಗೆ ರೈಲು ಬಂತು. ಹಳಿ ಹಾದುಹೋದದ್ದು ನಿಜಾಮನ ನೆಲದಲ್ಲಿ. ಆದರೆ ಹಳಿಯ ಮೇಲೆ, ನಿಲ್ದಾಣದ ಕಟ್ಟೆಯ ಮೇಲೆ ಬ್ರಿಟಿಷರ ಕಾನೂನಧಿಕಾರ. ಗಾಣಗಾಪುರದ ದತ್ತನ ದರ್ಶನಕ್ಕೆ ಸೋಲಾಪುರದ ಕಡೆಯಿಂದ ಬರೋ ಭಕ್ತ ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದ ಅಂತಿಟ್ಟುಕೊಳ್ಳಿ. ಪ್ಲಾಟ್‌ಫಾರ್ಮಿನ ಮೇಲೆ ಒಂದು ಸರ್ಕಾರ. ಗೇಟು ದಾಟಿ ಗಾಡಿ ಹತ್ತಿದರೆ ಇನ್ನೊಂದು ಸರ್ಕಾರ.

ಈ ಗೇಟಿನ ಪ್ರಶ್ನೆ ಲಂಡನ್ನಿಗೂ ಹೋಗಿತ್ತು. ನಿಜಾಮನ ಪ್ರಜೆ ಮಹಮ್ಮದ್ ಯೂಸುಫುದ್ದೀನ್ ಅನ್ನೋರನ್ನ ಶಿಮ್ಲಾದ ಮ್ಯಾಜಿಸ್ಟ್ರೇಟ್ ಹೊರಡಿಸಿದ ವಾರಂಟ್ ಹಿಡಿದು, ನಿಜಾಮ್ ಸೀಮೆಯ ಒಂದು ರೈಲು ನಿಲ್ದಾಣದಲ್ಲಿ ಬಂಧಿಸಿದರು. ರೈಲ್ವೆ ನೆಲ ನಮ್ಮದು, ಹಿಡಿದರೆ ತಪ್ಪೇನು ಅಂತ ಬ್ರಿಟಿಷರ ವಾದ. ಪ್ರಿವಿ ಕೌನ್ಸಿಲ್ 1897ರಲ್ಲಿ ಹೇಳಿದ್ದು: ತಪ್ಪು. ನಿಜಾಮ ಬಿಟ್ಟುಕೊಟ್ಟದ್ದು ರೈಲ್ವೆಯ ವ್ಯವಹಾರಕ್ಕೆ ಬೇಕಾದಷ್ಟು ಅಧಿಕಾರ ಮಾತ್ರ, ಎಲ್ಲೋ ಶಿಮ್ಲಾದಲ್ಲಿ ನಡೆದ ಅಪರಾಧಕ್ಕೆ ಇಲ್ಲಿ ಬಂದು ಹಿಡಿಯೋದಕ್ಕಲ್ಲ. ಬ್ರಿಟಿಷರದೇ ಅತ್ಯುನ್ನತ ನ್ಯಾಯಪೀಠ ಬ್ರಿಟಿಷ್ ಪೊಲೀಸರ ಕೈಗೆ ಗೆರೆ ಎಳೆದಿತ್ತು. ಕೋರ್ಟಿನ ವ್ಯಾಪ್ತಿ ಅನ್ನೋದು ತಲೆಹರಟೆ ವಾದ ಅಲ್ಲ, ಒಬ್ಬ ಮನುಷ್ಯನನ್ನ ಜೈಲಿನಿಂದ ಹೊರಗೆ ತರಬಲ್ಲ ವಾದ. ಆದರೆ ಅದನ್ನ ಕೋರ್ಟಿನ ಒಳಗೆ ನಿಂತು ಹೇಳಬೇಕು.

ಇನ್ನು ಬಾವುಟ. ಆಸಫ್ ಜಾಹಿ ಬಾವುಟ ಹಳದಿ, ನಡುವೆ ಬಿಳಿಯ ವೃತ್ತ. ಆ ವೃತ್ತ ಚಂದ್ರ ಅಲ್ಲ, ಕುಲ್ಚಾ ರೊಟ್ಟಿ ಅಂತ ಹೈದರಾಬಾದಿನ ಜನ ಹೇಳ್ತಾರೆ. ಮೊದಲ ನಿಜಾಮನಿಗೆ ಸೂಫಿ ಸಂತರೊಬ್ಬರು ಹಳದಿ ಬಟ್ಟೆಯಲ್ಲಿ ಕುಲ್ಚಾ ಕಟ್ಟಿ ಕೊಟ್ಟರಂತೆ, ಅವನು ಏಳು ತಿಂದನಂತೆ, ಅದಕ್ಕೇ ಏಳು ತಲೆಮಾರು ಆಳ್ವಿಕೆ ಅಂತ ಹರಸಿದರಂತೆ. ಕಥೆ ಕಥೆಯೇ. ಅದಿರಲಿ, ಈ ರೊಟ್ಟಿ ಬಾವುಟದ ಸುತ್ತ ಒಂದು ದೊಡ್ಡ ರಾಜಕೀಯ ನಡೆಯಿತು. ಬೇರಾರ್ ಪ್ರಾಂತವನ್ನ, ಹತ್ತಿ ಬೆಳೆಯೋ ಬಂಗಾರದಂಥ ನೆಲವನ್ನ, 1902ರಲ್ಲಿ ಕರ್ಜನ್ ನಿಜಾಮನ ಕೈಯಿಂದ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಶಾಶ್ವತ ಲೀಸಿಗೆ ಬರೆಸಿಕೊಂಡ. ನೋಡಿ, ಲೀಸು ಅಂದರೆ ಇದು! ಪತ್ರ ಇತ್ತು, ಮೊತ್ತ ಇತ್ತು, ಸಹಿ ಇತ್ತು. ಏಳನೇ ನಿಜಾಮ ಅದನ್ನ ವಾಪಸ್ ಕೇಳಿದ. ನಾನೂ ಬ್ರಿಟಿಷ್ ದೊರೆಯೂ ಸಮಾನರು ಅನ್ನೋ ಧಾಟಿಯಲ್ಲಿ ಬರೆದ. ವೈಸರಾಯ್ ಲಾರ್ಡ್ ರೀಡಿಂಗ್ 1926ರ ಮಾರ್ಚ್ 27ರಂದು ಬರೆದ ಉತ್ತರ ಇತಿಹಾಸದಲ್ಲಿ ಪ್ರಸಿದ್ಧ. ಭಾರತದಲ್ಲಿ ಬ್ರಿಟಿಷ್ ದೊರೆಯ ಪರಮಾಧಿಕಾರಕ್ಕೆ ಸಮಾನ ಯಾರೂ ಇಲ್ಲ, ಯಾವ ಸಂಸ್ಥಾನದ ಅರಸನೂ ಸಮಾನನಾಗಿ ಕೂತು ಚೌಕಾಸಿ ಮಾಡುವಂತಿಲ್ಲ ಅನ್ನೋದು ಅದರ ಸಾರ.

ಹತ್ತು ವರ್ಷದ ಮೇಲೆ, 1936ರಲ್ಲಿ, ಒಂದು ಸಮಾಧಾನದ ಒಪ್ಪಂದ ಆಯ್ತು. ಬೇರಾರ್ ಮೇಲೆ ನಿಜಾಮನ ಸಾರ್ವಭೌಮತ್ವ ಇದೆ ಅಂತ ಕಾಗದದಲ್ಲಿ ಒಪ್ಪಿದರು. ಅವನ ಮಗನಿಗೆ 'ಬೇರಾರಿನ ರಾಜಕುಮಾರ' ಅನ್ನೋ ಬಿರುದು. ಬ್ರಿಟಿಷ್ ಬಾವುಟದ ಪಕ್ಕದಲ್ಲಿ ನಿಜಾಮನ ಬಾವುಟವನ್ನೂ ಹಾರಿಸೋ ಹಕ್ಕು. ಆಡಳಿತ? ಅದು ಬ್ರಿಟಿಷರದೇ. ಕೋರ್ಟು, ಕಂದಾಯ, ಪೊಲೀಸು ಎಲ್ಲ ಅವರದೇ. ಬಾವುಟ ಮಾತ್ರ ನಿಮ್ಮದು, ಹಾರಿಸಿಕೊಳ್ಳಿ ಅಂದರು. ಬಾವುಟದಿಂದ ಅಧಿಕಾರ ಹುಟ್ಟುತ್ತೆ ಅಂತ ನಂಬಿಸೋದು ಎಷ್ಟು ಅಗ್ಗ ನೋಡಿ!

1947 ಬಂತು. ಜೂನ್‌ನಲ್ಲಿ ನಿಜಾಮನ ಫರ್ಮಾನು ಹೊರಬಿತ್ತು. ಬ್ರಿಟಿಷರ ಪರಮಾಧಿಕಾರ ಆಗಸ್ಟ್ 15ಕ್ಕೆ ಕಳಚಿಬೀಳುತ್ತೆ, ಅಲ್ಲಿಂದ ನಾನು ಸ್ವತಂತ್ರ ಸಾರ್ವಭೌಮ ಅನ್ನೋದು ಅದರ ತಾತ್ಪರ್ಯ. ಇದನ್ನ ಬೀದಿ ವಕೀಲರು ಹೆಣೆದ ವಾದ ಅಂದುಕೊಳ್ಳಬೇಡಿ. ನಿಜಾಮನ ಸಲಹೆಗಾರ ಸರ್ ವಾಲ್ಟರ್ ಮಾಂಕ್ಟನ್ ಇಂಗ್ಲೆಂಡಿನ ಹೆಸರಾಂತ ಬ್ಯಾರಿಸ್ಟರ್. ಕಾಗದದ ಮೇಲೆ ತರ್ಕ ಕೂಡ್ತಿತ್ತು. ನೆಲದ ಮೇಲೆ ಕೂಡ್ತಿರಲಿಲ್ಲ. ನಾಲ್ಕೂ ಕಡೆ ಭಾರತ, ಸಮುದ್ರಕ್ಕೆ ದಾರಿ ಇಲ್ಲ, 1 ಕೋಟಿ 60 ಲಕ್ಷ ಪ್ರಜೆಗಳಲ್ಲಿ ಬಹುತೇಕರಿಗೆ ಆ ಸಾರ್ವಭೌಮತ್ವ ಬೇಕಾಗಿರಲಿಲ್ಲ. ಅವರನ್ನ ಯಾರೂ ಕೇಳಲೂ ಇಲ್ಲ.

ಆಗಸ್ಟ್ 15ರಂದು ಹೈದರಾಬಾದ್ ಸಂಸ್ಥಾನದಲ್ಲಿ ತ್ರಿವರ್ಣ ಹಾರಿಸೋದು ಅಪರಾಧ. ಅವತ್ತೇ ಹೈದರಾಬಾದ್ ನಗರದ ಸುಲ್ತಾನ್ ಬಜಾರಿನಲ್ಲಿ ಕಾವಿ ತೊಟ್ಟ ಒಬ್ಬ ಸಂನ್ಯಾಸಿ ಬಾವುಟ ಏರಿಸಿ ಜೈಲಿಗೆ ಹೋದ. ಸ್ವಾಮಿ ರಾಮಾನಂದ ತೀರ್ಥ. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. ಹುಟ್ಟಿದ್ದು 1903ರಲ್ಲಿ, ಸಿಂದಗಿಯಲ್ಲಿ. ಜೇವರ್ಗಿ ತಾಲೂಕಿನ ಗಡಿ ದಾಟಿದರೆ ಸಿಕ್ಕೋ ಅದೇ ಸಿಂದಗಿ. ತಾನು ಹುಟ್ಟಿದ ಊರಿನಲ್ಲಿ ಅವತ್ತು ಅದೇ ಬಾವುಟ ಏರಿಸಿದ್ದರೆ ಪೇಢೆ ಹಂಚುತ್ತಿದ್ದರು. ಗಡಿಯ ಈಚೆ ಕೈಗೆ ಬೇಡಿ ಬಿತ್ತು.

ನವೆಂಬರ್ 29ಕ್ಕೆ ಭಾರತ ಮತ್ತು ಹೈದರಾಬಾದ್ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ. ಅದಕ್ಕೆ ಎರಡೂ ಕಡೆಯ ಸಹಿ ಇತ್ತು, ಎರಡೂ ಕಡೆ ನಂಬಿಕೆ ಇರಲಿಲ್ಲ. ಆ ಹೊತ್ತಿಗೆ ರಜಾಕಾರರ ಕಾಲ ಶುರುವಾಗಿತ್ತು. ಅವರ ನಾಯಕ ಖಾಸಿಂ ರಜ್ವಿ ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದವನು. ಕಾನೂನು ಓದಿದವನು ಅನ್ನೋದು ನೆನಪಿರಲಿ. ಆಸಫಿಯಾ ಬಾವುಟವನ್ನ ದಿಲ್ಲಿಯ ಕೆಂಪು ಕೋಟೆಯ ಮೇಲೆ ಹಾರಿಸ್ತೀವಿ ಅಂತ ಸಭೆಗಳಲ್ಲಿ ಗರ್ಜಿಸುತ್ತಿದ್ದ. ಬೀದರ್ ಕಡೆ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ಏನಾಯ್ತು ಅನ್ನೋದು ಕಲ್ಯಾಣ ಕರ್ನಾಟಕದ ಮನೆಮನೆಗೂ ಗೊತ್ತು. ಗಡಿ ಊರುಗಳ ಜನ ಹೆಂಡಿರು ಮಕ್ಕಳನ್ನ ಕಟ್ಟಿಕೊಂಡು ಸೋಲಾಪುರ, ಬಿಜಾಪುರದ ಕಡೆಗೆ ಹೋದರು. ಮನೆ ಸುಟ್ಟರೆ ದೂರು ಕೊಡೋದು ಎಲ್ಲಿ? ಊರಿನ ಠಾಣೆಯಲ್ಲಿ ಕೇಳೋರಿಲ್ಲ. ನದಿಯಾಚೆಯ ಠಾಣೆಯವನು ಕೇಳ್ತಾನೆ, ಮರುಗ್ತಾನೆ, ಆದರೆ ಅವನಿಗೆ ಅಧಿಕಾರವ್ಯಾಪ್ತಿ ಇಲ್ಲ. ಮುಸಲ್ಮಾನರೆಲ್ಲ ರಜ್ವಿಯ ಜೊತೆಗಿದ್ದರು ಅಂತಲೂ ತಿಳೀಬೇಡಿ. ರಜಾಕಾರರ ವಿರುದ್ಧ ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್‌ನನ್ನ ಅದೇ ವರ್ಷದ ಆಗಸ್ಟಿನಲ್ಲಿ ಕೊಂದರು. ನನ್ನ ವೃತ್ತಿಯವನು ಅನ್ನೋ ಕಾರಣಕ್ಕೋ ಏನೋ, ಆ ಹೆಸರು ಬಂದಾಗ ನಾನು ಒಂದು ಕ್ಷಣ ನಿಲ್ತೀನಿ.

ಹೈದರಾಬಾದ್ ಸರ್ಕಾರ ಆಗಸ್ಟ್ 21ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಮಂಡಳಿ ಪ್ಯಾರಿಸ್‌ನಲ್ಲಿ ಅದನ್ನ ಕೈಗೆತ್ತಿಕೊಂಡಿದ್ದು ಸೆಪ್ಟೆಂಬರ್ 16ಕ್ಕೆ. ಭಾರತದ ಸೇನೆ ಒಳಗೆ ಬಂದಿದ್ದು 13ಕ್ಕೆ. ನಿಜಾಮ ಕದನವಿರಾಮ ಸಾರಿದ್ದು 17ಕ್ಕೆ. ಅಲ್ಲಿ ಕುರ್ಚಿ ಸರಿಮಾಡಿಕೊಂಡು ಕೂರೋದ್ರೊಳಗೆ ಇಲ್ಲಿ ಮುಗಿದಿತ್ತು. 22ಕ್ಕೆ ನಿಜಾಮನೇ ದೂರು ವಾಪಸ್ ತಗೊಂಡ. 1949ರ ಮೇ ನಂತರ ಮಂಡಳಿ ಅದನ್ನ ಚರ್ಚೆಗೂ ತಗೊಳ್ಳಲಿಲ್ಲ. ಆ ಎರಡು ಹಾಳೆಯ 'ಫೈಲು ತೆರೆದಿದೆ' ಅನ್ನೋ ಮಾತು ಹುಟ್ಟಿದ್ದು ಇಲ್ಲಿ. ದೂರುದಾರನೇ ದೂರು ಬಿಟ್ಟ ಮೇಲೆ ಫೈಲು ತೆರೆದಿದ್ದರೇನು, ಮುಚ್ಚಿದ್ದರೇನು?

ಇಲ್ಲಿಂದ ಮುಂದಿನದನ್ನ ಸೆಪ್ಟೆಂಬರ್ 17ರ ಧ್ವಜಾರೋಹಣದ ಭಾಷಣಗಳಲ್ಲಿ ಹೇಳಲ್ಲ. ನಾನು ಹೇಳಿದಾಗಲೂ ಬೈಗುಳ ಬಂದಿವೆ, ಈಗಲೂ ಬರಲಿ. ಹಳೆಯ ಸರ್ಕಾರ ಬಿದ್ದಿತ್ತು, ಹೊಸದು ಊರೂರಿಗೆ ತಲುಪಿರಲಿಲ್ಲ. ಆ ನಡುವಿನ ದಿನಗಳಲ್ಲಿ, ವಾರಗಳಲ್ಲಿ ಸೇಡಿನ ಕೊಲೆಗಳಾದವು. ಸತ್ತವರು ಬಹುಪಾಲು ಸಾಮಾನ್ಯ ಮುಸಲ್ಮಾನರು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಯಲ್ಲಿ ಜಿಲ್ಲೆಗಳನ್ನ ಸುತ್ತಿ ಕೊಟ್ಟ ಅಂದಾಜು, ಇಡೀ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಸಾವು. ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳ ಹೆಸರು: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಎರಡನೇ ಹೆಸರು ನಮ್ಮದು. ನೆರೆಯವರನ್ನ ಬಚ್ಚಿಟ್ಟು ಕಾಪಾಡಿದ ಹಿಂದೂಗಳ ಉದಾಹರಣೆಗಳೂ ಆ ವರದಿಯಲ್ಲಿವೆ. ವರದಿ ಮಾತ್ರ ದಶಕಗಟ್ಟಲೆ ಕಪಾಟಿನಲ್ಲಿತ್ತು. ಸಾರ್ವಜನಿಕರ ಕೈಗೆ ಸಿಗೋ ಹೊತ್ತಿಗೆ 2013.

ಆ ವಾರಗಳಲ್ಲಿ ನಮ್ಮ ಊರುಗಳ ಮೇಲೆ ಬಾವುಟ ಇತ್ತು. ಕೋರ್ಟು ಇರಲಿಲ್ಲ. ಯಾವ ಕೋರ್ಟಿಗೂ ನನ್ನ ಮೇಲೆ ಅಧಿಕಾರ ಇಲ್ಲ ಅಂತ ಹೆಮ್ಮೆಯಿಂದ ಕಾಗದ ಕಳಿಸೋಕೆ ಹೊರಟವರಿಗೆ ಹೇಳ್ತೀನಿ, ಯಾವ ಕೋರ್ಟೂ ಇಲ್ಲದ ದಿನ ಹೇಗಿರುತ್ತೆ ಅಂತ ನಿಮ್ಮ ಜಿಲ್ಲೆ ಒಮ್ಮೆ ನೋಡಿದೆ.

ಸರಿ, ಸಹಿಯ ಪ್ರಶ್ನೆ. 1949ರ ಆಗಸ್ಟ್ 15ಕ್ಕೆ ಜಾಗೀರುಗಳು ರದ್ದು. ಆಳಂದ, ಅಫಜಲಪುರದ ಪಾಯಗಾ ಅಧಿಕಾರ ಅವತ್ತಿಗೆ ಕೊನೆ. ಅದೇ ನವೆಂಬರಿನಲ್ಲಿ ನಿಜಾಮ ಫರ್ಮಾನು ಹೊರಡಿಸಿದ: ಭಾರತದ ಸಂವಿಧಾನವೇ ಹೈದರಾಬಾದಿಗೂ ಸಂವಿಧಾನ. ವಿಲೀನ ಪತ್ರಕ್ಕೆ ಸಹಿ ಇಲ್ಲ, ಫರ್ಮಾನಿಗೆ ಇದೆ. 1950ರ ಜನವರಿ 26ಕ್ಕೆ ಸಂವಿಧಾನದ ಮೊದಲ ಅನುಸೂಚಿಯ 'ಬಿ' ಭಾಗದಲ್ಲಿ ಹೈದರಾಬಾದಿನ ಹೆಸರು ಬಂತು. ಅವತ್ತಿನಿಂದ 1956ರ ಅಕ್ಟೋಬರ್ ಕೊನೆಯವರೆಗೆ ಅದೇ ನಿಜಾಮ ಅದೇ ಸಂವಿಧಾನದ ಅಡಿಯಲ್ಲಿ ರಾಜಪ್ರಮುಖ. ತಾನೇ ಒಪ್ಪಿ ಕೂತ ಕುರ್ಚಿಯನ್ನ ಅವನ ಪರವಾಗಿ ಇವತ್ತು ನಾವು ಒಪ್ಪಲ್ಲ ಅನ್ನೋದು ಯಾವ ನ್ಯಾಯ?

ಆದರೂ ಈ ವ್ಯಾಪ್ತಿಯ ಪ್ರಶ್ನೆಯನ್ನ ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ಕೇಳಿದವರಿದ್ದಾರೆ. ಕೇಳಿದ್ದು ಗಲ್ಲಿನ ನೆರಳಿನಲ್ಲಿ. ತೆಲಂಗಾಣ ರೈತ ಹೋರಾಟದ ಹಲವರಿಗೆ ವಿಶೇಷ ಟ್ರಿಬ್ಯೂನಲ್ ಮರಣದಂಡನೆ ಕೊಟ್ಟಿತ್ತು. ಹೈದರಾಬಾದ್ ಹೈಕೋರ್ಟ್ ಅದನ್ನ ಎತ್ತಿಹಿಡಿದದ್ದು 1949ರ ಡಿಸೆಂಬರಿನಲ್ಲಿ. ಸಂವಿಧಾನ ಜಾರಿಗೆ ಬಂದದ್ದು ಆರು ವಾರದ ನಂತರ. ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯ್ತು. ಜನಾರ್ದನ ರೆಡ್ಡಿ ಪ್ರಕರಣ ಅಂತಲೇ ಅದು ಪ್ರಸಿದ್ಧ. ಅವರ ಪರ ವಾದಿಸೋಕೆ ಇಂಗ್ಲೆಂಡಿನಿಂದ ಡಿ.ಎನ್. ಪ್ರಿಟ್ ಬಂದರು. ಸುಪ್ರೀಂ ಕೋರ್ಟ್ ಹೇಳಿದ್ದು: ಜನವರಿ 26ಕ್ಕೆ ಮುಂಚೆ ಹೈದರಾಬಾದ್ ಹೈಕೋರ್ಟು 'ಭಾರತದ ಪ್ರದೇಶದ ಒಳಗಿನ' ಕೋರ್ಟಲ್ಲ, ಹಾಗಾಗಿ ಆ ತೀರ್ಪಿನ ಮೇಲೆ ಮೇಲ್ಮನವಿ ಕೇಳೋ ಅಧಿಕಾರ ನಮಗಿಲ್ಲ. ಆರು ವಾರದ ಅಂತರ, ನಡುವೆ ಮನುಷ್ಯರ ಕುತ್ತಿಗೆ! ಕೊನೆಗೆ ಆ ಗಲ್ಲು ಜೀವಾವಧಿಗೆ ಇಳಿಯಿತು, ಅದು ಬೇರೆ ಮಾತು. ಅಂದರೆ 26ಕ್ಕೆ ಮುಂಚಿನ ಹೈದರಾಬಾದ್ ಬೇರೆ ಅಂತ ಸ್ವತಃ ಸುಪ್ರೀಂ ಕೋರ್ಟೇ ಹೇಳಿದೆ. ಅದೇ ತೀರ್ಪಿನ ಇನ್ನೊಂದು ಮುಖ ಏನಂದ್ರೆ, 26ರ ನಂತರ ಆ ಅನುಮಾನಕ್ಕೆ ಜಾಗವೇ ಇಲ್ಲ.

ಹಣದ ಕಥೆ ಚಿಕ್ಕದಾಗಿ ಹೇಳಿಬಿಡ್ತೀನಿ. ಶರಣಾಗತಿಯ ಮೂರನೇ ದಿನ, ಸೆಪ್ಟೆಂಬರ್ 20ರಂದು, ಲಂಡನ್ ಬ್ಯಾಂಕಿನಲ್ಲಿದ್ದ ಹೈದರಾಬಾದಿನ ಸುಮಾರು 10 ಲಕ್ಷ ಪೌಂಡು ಪಾಕಿಸ್ತಾನದ ಹೈಕಮಿಷನರ್ ಹೆಸರಿಗೆ ಹೋಯ್ತು. ನಿಜಾಮ ವಾಪಸ್ ಕೇಳಿದ. 1957ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಪಾಕಿಸ್ತಾನ ಸಾರ್ವಭೌಮ ದೇಶ, ಅದರ ಮೇಲೆ ನಮ್ಮ ಕೋರ್ಟಿನ ಅಧಿಕಾರ ನಡೆಯಲ್ಲ ಅಂತ ಕೈಚೆಲ್ಲಿತು. 2013ರಲ್ಲಿ ಪಾಕಿಸ್ತಾನವೇ ಕೋರ್ಟಿನ ಬಾಗಿಲು ತಟ್ಟಿತು. 2019ರ ಅಕ್ಟೋಬರ್ 2ಕ್ಕೆ ತೀರ್ಪು ಬಂತು, ಹಣ ನಿಜಾಮನ ವಾರಸುದಾರರಿಗೆ ಮತ್ತು ಭಾರತಕ್ಕೆ. ಬೆಳೆದು ಬೆಳೆದು ಅದು ಸುಮಾರು 3 ಕೋಟಿ 50 ಲಕ್ಷ ಪೌಂಡ್ ಆಗಿತ್ತು.

ಮತ್ತೆ ಖಾಸಿಂ ರಜ್ವಿ? ಅವನ ಮೇಲೆ ಬೀಬಿನಗರದ ದರೋಡೆ ಪ್ರಕರಣ ನಡೀತು, ಶಿಕ್ಷೆ ಆಯ್ತು. ಆಗ ಅವನು ಏನು ಮಾಡಿದ ಗೊತ್ತಾ? ಸುಪ್ರೀಂ ಕೋರ್ಟಿಗೆ ಹೋದ. ವಿಶೇಷ ಟ್ರಿಬ್ಯೂನಲ್ ನನ್ನನ್ನ ವಿಚಾರಣೆ ಮಾಡಿದ ಕ್ರಮ ಸಮಾನತೆಯ ಹಕ್ಕಿಗೆ, ಸಂವಿಧಾನದ 14ನೇ ವಿಧಿಗೆ ವಿರುದ್ಧ ಅಂತ ವಾದಿಸಿದ. ಕೆಂಪು ಕೋಟೆಯ ಮೇಲೆ ಹಳದಿ ಬಾವುಟ ಹಾರಿಸ್ತೀನಿ ಅಂದವನು, ಅದೇ ದಿಲ್ಲಿಯಲ್ಲಿ, ತ್ರಿವರ್ಣದ ಕೆಳಗಿನ ಕೋರ್ಟಿನಲ್ಲಿ, ನನಗೂ ಸಮಾನ ನ್ಯಾಯ ಕೊಡಿ ಅಂತ ನಿಂತ. ಕೋರ್ಟು ಅವನನ್ನ ಆಚೆ ದಬ್ಬಲಿಲ್ಲ. ಪೂರ್ತಿ ಕೇಳಿತು. 1953ರಲ್ಲಿ ಬಹುಮತದ ತೀರ್ಪು ಅವನ ವಿರುದ್ಧ ಬಂತು, ಆದರೆ ಪೀಠದಲ್ಲಿ ಅವನ ವಾದ ಒಪ್ಪಿ ಭಿನ್ನಮತ ಬರೆದವರೂ ಇದ್ದರು. ಶಿಕ್ಷೆ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ಹೋದ. ಬಾವುಟ ಏರಿಸಿ ಜೈಲಿಗೆ ಹೋಗಿದ್ದ ರಾಮಾನಂದ ತೀರ್ಥರು 1952ರ ಮೊದಲ ಚುನಾವಣೆಯಲ್ಲಿ ಗುಲ್ಬರ್ಗಾದ ಸಂಸದರಾಗಿದ್ದರು.

ಇದನ್ನೆಲ್ಲ ಯಜಮಾನರಿಗೆ ಫೋನಿನಲ್ಲೇ ಹೇಳಿದೆ, ಇಷ್ಟು ಉದ್ದಕ್ಕಲ್ಲ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ನಾನು ಒಂದು ಪ್ರಶ್ನೆ ಕೇಳಿದೆ. 'ಹೊಲ ನಿಮ್ಮದು ಅನ್ನೋದಕ್ಕೆ ಏನು ಕಾಗದ ಇದೆ?'

'ಅಜ್ಜನ ಹೆಸರಿನ ಸೇತ್ವಾರ್ ಅದ. ಉರ್ದುದಾಗ. ಆಮ್ಯಾಲ ಖಾಸ್ರಾ ಪಹಣಿ.'

ನೋಡಿ, ಅಲ್ಲಿದೆ ವಿಷಯ. ನಿಜಾಮನ ಸರ್ಕಾರದ ಗುಮಾಸ್ತ ಉರ್ದುವಿನಲ್ಲಿ ಬರೆದ ಆ ಹಾಳೆಗೆ ಇವತ್ತು ಬೆಲೆ ಯಾಕಿದೆ? ಸಂವಿಧಾನದ 372ನೇ ವಿಧಿ, ಹಿಂದಿನ ಕಾನೂನುಗಳು ಬದಲಾಗುವವರೆಗೆ ಮುಂದುವರೀತವೆ ಅಂತ ಹೇಳಿದ್ದಕ್ಕೆ. ಹಳೆಯ ಸರ್ಕಾರದ ದಾಖಲೆಯನ್ನ ಹೊಸ ಸರ್ಕಾರದ ಕೋರ್ಟು ಪುರಾವೆ ಅಂತ ಕೈಗೆ ತಗೊಳ್ಳೋದಕ್ಕೆ. ಆ ಕೋರ್ಟೇ ಸುಳ್ಳು ಅಂತ ನೀವು ಬರೆದುಕೊಟ್ಟರೆ, ಅಜ್ಜನ ಸೇತ್ವಾರ್ ಹಿಡಕೊಂಡು ಯಾರ ಮುಂದೆ ಹೋಗ್ತೀರಿ? ನಿಜಾಮನ ಮುಂದಾ? ನೀವು ಗೈರಾದರೆ ಎದುರಿನವರು ಏಕಪಕ್ಷೀಯ ಡಿಕ್ರಿ ತಗೊಂಡು, ಕೋರ್ಟಿನ ಅಮೀನನ ಜೊತೆ ಬಂದು ಹೊಲದಲ್ಲಿ ನಿಲ್ತಾರೆ. ನಿಮ್ಮ ಎರಡು ಹಾಳೆ ಅವನು ಓದೋದೂ ಇಲ್ಲ. ವ್ಯಾಪ್ತಿಯ ಆಕ್ಷೇಪ ನಿಜವಾಗಿಯೂ ಇದ್ದರೆ, ಹೊಲ ಬೇರೆ ತಾಲೂಕಿನಲ್ಲಿದ್ದರೆ, ಮೊತ್ತ ಆ ಕೋರ್ಟಿನ ಮಿತಿ ಮೀರಿದ್ದರೆ, ಅದನ್ನ ಮೊದಲ ಅವಕಾಶದಲ್ಲೇ ಎತ್ತಬೇಕು. ದಿವಾಣಿ ಪ್ರಕ್ರಿಯಾ ಸಂಹಿತೆಯ 21ನೇ ಕಲಮು ಅದನ್ನೇ ಹೇಳುತ್ತೆ, ನಿಮ್ಮ ವಕೀಲರನ್ನ ಕೇಳಿ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಯಾರಿಗೋ ಏನೋ ಹೇಳಿದ್ದು ಕೇಳಿಸಿತು. ಪೆಟ್ಟಿಗೆ ತೆಗೆದ ಸದ್ದು.

'ಬರೋ ಸೋಮವಾರ ತಾರೀಖು ಅದರಿ,' ಅಂದರು. 'ಈ ಉರ್ದು ಓದಿ ಕನ್ನಡದಾಗ ಬರ್ದು ಕೊಡವ್ರು ಗುಲ್ಬರ್ಗಾದಾಗ ಯಾರರ ಅದಾರೇನು, ನಿಮಗ ಗೊತ್ತೈತೇನ್ರಿ?'